ಗುಜರಿ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಡಿವಿಡಿ ಡ್ರೈವ್: ಹಿಂದಿನ ಕನೆಕ್ಟರ್ ಯಾವುದು, ಈಗಿನ ಕಂಪ್ಯೂಟರಿಗೆ ಹಾಕುವುದು ಹೇಗೆ?

ಪುತ್ತೂರ್_ಪವರ್‌ಕಟ್

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಲ್ಲಿ ಹಳೇ ಲ್ಯಾಪ್‌ಟಾಪ್ ಎಲ್ಲ ಗುಜರಿಗೆ ಹೋಗುವುದಿತ್ತು, ಕೇಳಿಕೊಂಡು ಐದು ಡಿವಿಡಿ ಡ್ರೈವ್ ಬಿಚ್ಚಿ ಮನೆಗೆ ತಂದಿದ್ದೇನೆ. ಲ್ಯಾಪ್‌ಟಾಪ್ ಹೋಯ್ತು, ಡ್ರೈವ್ ಮಾತ್ರ ಕೈಯಲ್ಲುಂಟು. ಮನೆಯಲ್ಲಿ ತಾಳಮದ್ದಳೆ ಸಿಡಿ, ಅಕ್ಕನ ಮದುವೆಯ ಡಿವಿಡಿ, ಅಪ್ಪ ಯಾರ್ಯಾರ ಹತ್ರವೋ ಕಾಪಿ ಮಾಡಿಸಿಕೊಂಡದ್ದು ಅಂತ ಒಂದು ಟ್ರಂಕ್ ತುಂಬ ಉಂಟು, ಅದನ್ನೆಲ್ಲ ಹಾರ್ಡ್‌ಡಿಸ್ಕಿಗೆ ಹಾಕಿ ಇಡುವ ಅಂತ. ನನ್ನ ಈಗಿನ ಲ್ಯಾಪ್‌ಟಾಪಲ್ಲಿ ಡ್ರೈವೇ ಇಲ್ಲ. ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಉಂಟು, ಅದರ ಬೋರ್ಡಲ್ಲಿ ಸಾಟಾ ಪೋರ್ಟ್ (ಈಚಿನ ಡಿಸ್ಕ್, ಡ್ರೈವ್ ಚುಚ್ಚುವ ಜಾಗ) ಖಾಲಿ ಉಂಟು, ಅದಕ್ಕಿಂತ ಹಳೇ ನಮೂನೆಯ ಐಡಿಇ ಇಲ್ಲ.

ಈಗ ಸಮಸ್ಯೆ ಹೇಳ್ತೇನೆ. ಒಂದು ಎಚ್‌ಎಲ್-ಡಿಟಿ-ಎಸ್‌ಟಿ ಅಂತ ಬರೆದದ್ದು, ಮಾಡೆಲ್ ಜಿಟಿ30ಎನ್. ಹಿಂದೆ ನೋಡಿದ್ರೆ ಹಾರ್ಡ್‌ಡಿಸ್ಕಿನ ಸಾಟಾ ಹಾಗೇ ಕಾಣ್ತದೆ, ಆದ್ರೆ ಪವರ್ ಬದಿ ತೀರಾ ಗಿಡ್ಡ. ಜಿಯು70ಎನ್ ಅಂತ ಇನ್ನೊಂದು, ಅದರದ್ದೂ ಅದೇ ಕನೆಕ್ಟರ್, ಡ್ರೈವ್ ಮಾತ್ರ ತೆಳು. ಮೂರನೆಯದ್ದು ಟಿಎಸ್‌ಎಸ್‌ಟಿಕಾರ್ಪ್ ಟಿಎಸ್-ಎಲ್632, ಇದರ ಹಿಂದೆ ಒಂದು ಸಪೂರ ಹಸಿರು ಬೋರ್ಡ್ ಸ್ಕ್ರೂ ಹಾಕಿ ಕೂರಿಸಿದ್ದಾರೆ, ಅದರಲ್ಲಿರುವ ಕನೆಕ್ಟರ್ ನಾನು ಎಲ್ಲಿಯೂ ನೋಡಿದ್ದಿಲ್ಲ, ಗೂಗಲಲ್ಲಿ ಫೋಟೊ ಹಾಕಿ ಹುಡುಕಿದ್ರೂ ಸಿಕ್ಕಲಿಲ್ಲ. ಮ್ಯಾಟ್‌ಶಿಟಾ ಯುಜೆ-850 ಒಂದುಂಟು, ಹಿಂದೆ ಅಗಲಕ್ಕೆ ಒಂದೇ ಕನೆಕ್ಟರ್, ಪಿನ್ ಎಷ್ಟು ಸಣ್ಣ ಅಂದ್ರೆ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಎಣಿಸಬೇಕು. ಕೊನೆಯದ್ದರ ಮೇಲೆ ಲೇಬಲ್ಲೇ ಇಲ್ಲ, ಬಟನ್ ಒತ್ತಿದ್ರೆ ಟ್ರೇ ಬರುವುದಿಲ್ಲ, ಅದು ಸತ್ತದ್ದೇ ಇರಬೇಕು.

ನನ್ನ ಹತ್ರ 2.5 ಇಂಚು ಹಾರ್ಡ್‌ಡಿಸ್ಕಿಗೆ ಹಾಕುವ ಯುಎಸ್‌ಬಿ ಕೇಬಲ್ ಉಂಟು, ಅದು ಜಿಟಿ30ಎನ್‌ಗೆ ಹೋಗುವುದಿಲ್ಲ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬ) ವಯರ್ ಕತ್ತರಿಸಿ ಪವರ್ ಪಿನ್‌ಗೆ ನೇರ ಸೋಲ್ಡರ್ ಮಾಡಿದ್ರೆ ಆಗ್ತದಾ? ಹಳದಿ ಬೇಕಾ ಕೆಂಪು ಬೇಕಾ ಎರಡೂ ಬೇಕಾ? ಅಡಾಪ್ಟರ್ ತಗೊಳ್ಳುವುದಾದ್ರೆ ಏನಂತ ಕೇಳಬೇಕು? ಅಂಗಡಿಯವರು "ಲ್ಯಾಪ್‌ಟಾಪ್ ಸಾಟಾ ಕನ್ವರ್ಟರ್" ಅಂತ ಏನೋ ಒಂದು ಕೊಡ್ಲಿಕ್ಕೆ ಬಂದ್ರು, ನಾನು ತಗೊಳ್ಳಲಿಲ್ಲ.

---

ಎಸ್‌ಪಿರೋಡ್_ಸುತ್ತಾಟ

ಗುರು ಮೊದಲು ಆ ಕತ್ತರಿ ಪಕ್ಕಕ್ಕಿಡಿ. ಹಳದಿ ವಯರ್ 12 ವೋಲ್ಟ್, ಲ್ಯಾಪ್‌ಟಾಪ್ ಡ್ರೈವ್‌ಗೆ 12 ವೋಲ್ಟ್ ಬೇಡವೇ ಬೇಡ, ಕೆಂಪು 5 ವೋಲ್ಟ್ ಒಂದು ಮತ್ತೆ ಕಪ್ಪು ಗ್ರೌಂಡ್, ಅಷ್ಟರಲ್ಲೇ ಮೋಟರು ಲೇಸರು ಟ್ರೇ ಎಲ್ಲಾ ನಡಿಯುತ್ತೆ. ಡ್ರೈವ್ ಲೇಬಲ್ ಮೇಲೆ ಡಿಸಿ 5ವಿ ಅಂತ ಒಂದೇ ವೋಲ್ಟೇಜ್ ಬರ್ದಿರುತ್ತೆ ನೋಡಿ, ಪಕ್ಕದಲ್ಲಿ ಒಂದೂವರೆ ಆಂಪ್ ಆಸುಪಾಸು ಕರೆಂಟ್ ಇರುತ್ತೆ. ಡೆಸ್ಕ್‌ಟಾಪ್ ಡಿವಿಡಿ ರೈಟರ್ ಮೇಲೆ 5 ಮತ್ತೆ 12 ಎರಡೂ ಇರುತ್ತೆ, ಅದನ್ನ ನೋಡಿ ಅಭ್ಯಾಸ ಆಗಿರೋರು ಇದಕ್ಕೂ 12 ಕೊಟ್ಟು ಸುಟ್ಟುಹಾಕ್ತಾರೆ.

ಜಿಟಿ30ಎನ್ ಮತ್ತೆ ಜಿಯು70ಎನ್ ಎರಡೂ ಸಾಟಾನೇ, ಆದ್ರೆ ಅದು ಸ್ಲಿಮ್‌ಲೈನ್ ಸಾಟಾ. ಮಾಮೂಲಿ ಹಾರ್ಡ್‌ಡಿಸ್ಕ್‌ಗೆ ಡೇಟಾ 7 ಪಿನ್, ಪವರ್ 15 ಪಿನ್, ಒಟ್ಟು 22. ನಿಮ್ಮ ಯುಎಸ್‌ಬಿ ಕೇಬಲ್ ತುದೀಲಿ ಇರೋದು ಅದೇ. ಸ್ಲಿಮ್‌ಲೈನ್‌ನಲ್ಲಿ ಡೇಟಾ ಅದೇ 7, ಪವರ್ ಮಾತ್ರ 6, ಒಟ್ಟು 13. ಬರೀ ಪಿನ್ ಕಮ್ಮಿ ಅಂತಲ್ಲ, ಪವರ್ ಪಿನ್‌ಗಳ ಮಧ್ಯದ ಅಂತರಾನೂ ಬೇರೆ, ಮಾಮೂಲಿದು 1.27 ಮಿಲಿಮೀಟರ್, ಇದು 1 ಮಿಲಿಮೀಟರ್, ಹಂಗಾಗಿ ಒತ್ತಿ ತುರುಕಿದ್ರೂ ಹೋಗಲ್ಲ, ಒತ್ತೋಕೆ ಹೋಗ್ಬೇಡಿ. ಆ ಆರು ಪಿನ್‌ನಲ್ಲಿ ಡೇಟಾ ಕಡೆಯಿಂದ ಎಣಿಸಿದ್ರೆ ಮೊದಲನೇದು ಡ್ರೈವ್ ಇದೆಯಾ ಇಲ್ವಾ ಅಂತ ಲ್ಯಾಪ್‌ಟಾಪ್‌ಗೆ ತಿಳ್ಸೋಕೆ, ಎರಡು ಮೂರು 5 ವೋಲ್ಟ್, ನಾಲ್ಕನೇದು ಕಂಪನಿ ಟೆಸ್ಟಿಂಗ್‌ಗೆ ಇಟ್ಕೊಂಡಿರೋದು, ಐದು ಆರು ಗ್ರೌಂಡ್. ಒಂದು ಮತ್ತೆ ನಾಲ್ಕನ್ನ ಏನೂ ಮಾಡ್ದೆ ಹಂಗೇ ಬಿಟ್ರೂ ಡೆಸ್ಕ್‌ಟಾಪ್‌ನಲ್ಲಿ ಓಡುತ್ತೆ.

ಡೆಸ್ಕ್‌ಟಾಪ್‌ನಲ್ಲಿ ಖಾಲಿ ಸಾಟಾ ಪೋರ್ಟ್ ಇದೆ ಅಂದ್ರಲ್ಲ, ಹಾಗಾದ್ರೆ ನಿಮಗೆ ಬೇಕಿರೋದು ಕಮ್ಮಿ ದುಡ್ಡಿನ ಕೆಲಸ. ಒಂದು ತುದೀಲಿ 13 ಪಿನ್ ಸ್ಲಿಮ್‌ಲೈನ್ ಸಾಕೆಟ್, ಇನ್ನೊಂದು ಕಡೆ 7 ಪಿನ್ ಸಾಟಾ ಡೇಟಾ ಮತ್ತೆ ಪವರ್‌ಗೆ ಮೋಲೆಕ್ಸ್ (ಹಳೇ ದೊಡ್ಡ ನಾಲ್ಕು ಪಿನ್ ಪವರ್ ಕನೆಕ್ಟರ್) ಇಲ್ಲಾ 15 ಪಿನ್ ಸಾಟಾ ಪವರ್, ಈ ಥರ ಕೇಬಲ್ ಸಿಗುತ್ತೆ. ಒಳಗೆ ಚಿಪ್ ಗಿಪ್ ಏನೂ ಇರಲ್ಲ, ಬರೀ ವಯರು. ಅಂಗಡೀಲಿ "ಲ್ಯಾಪ್‌ಟಾಪ್ ಸಾಟಾ" ಅಂತ ಕೇಳ್ಬೇಡಿ, "ಸ್ಲಿಮ್‌ಲೈನ್, ಏಳು ಪ್ಲಸ್ ಆರು, ಹದಿಮೂರು ಪಿನ್" ಅಂತಾನೇ ಕೇಳಿ, ಕೊಟ್ಟಿದ್ದನ್ನ ಅಲ್ಲೇ ಎಣಿಸಿ ತಗೊಳ್ಳಿ. ಯಾಕಂದ್ರೆ ಮೈಕ್ರೋ ಸಾಟಾ ಅಂತ ಇನ್ನೊಂದಿದೆ, 7 ಪ್ಲಸ್ 9, ಅದು 1.8 ಇಂಚು ಡಿಸ್ಕ್‌ಗಳಿಗೆ, ನೋಡೋಕೆ ಅಕ್ಕತಂಗಿ ಥರ ಇರುತ್ತೆ, ಆನ್‌ಲೈನ್‌ನಲ್ಲಿ ಮಾರೋರು ಮಿನಿ ಸಾಟಾ, ಮೈಕ್ರೋ ಸಾಟಾ, ಸ್ಲಿಮ್ ಸಾಟಾ ಎಲ್ಲ ಒಂದೇ ಟೈಟಲ್‌ಗೆ ತುರುಕಿರ್ತಾರೆ. ಟೈಟಲ್ ಓದ್ಬೇಡಿ, ಫೋಟೊದಲ್ಲಿ ಪಿನ್ ಎಣಿಸಿ.

ಯುಜೆ-850 ಐಡಿಇ. ಎಲ್632 ಕೂಡ ಐಡಿಇ, ಎಲ್633 ಆಗಿದ್ರೆ ಸಾಟಾ ಆಗ್ತಿತ್ತು. ಒಂದೇ ನಂಬರ್ ವ್ಯತ್ಯಾಸದಲ್ಲಿ ಕನೆಕ್ಟರ್ ಬದಲಾಗುತ್ತೆ. ಆಪ್ಟಿಯಾರ್ಕ್‌ನವರದು ಸ್ವಲ್ಪ ಮರ್ಯಾದೆ, ಎಡಿ-7560ಎ ಅಂದ್ರೆ ಐಡಿಇ, ಎಡಿ-7560ಎಸ್ ಅಂದ್ರೆ ಸಾಟಾ, ಕೊನೇ ಅಕ್ಷರ ನೋಡಿದ್ರೆ ಗೊತ್ತಾಗುತ್ತೆ. ಎಚ್‌ಎಲ್ ಅವರದ್ದು ಇನ್ನೂ ತಲೆನೋವು, ಜಿಎಸ್‌ಎ-ಟಿ20ಎನ್ ಐಡಿಇ, ಜಿಟಿ20ಎನ್ ಸಾಟಾ. ಅದಕ್ಕೇ ಹೇಳೋದು ಮಾಡೆಲ್ ನಂಬರ್ ಹುಡುಕ್ತಾ ಕೂರೋದಕ್ಕಿಂತ ಡ್ರೈವ್ ತಿರುಗಿಸಿ ಹಿಂದೆ ನೋಡಿ, ಎಲ್ ಆಕಾರದ ಎರಡು ನಾಲಿಗೆ ಇದ್ರೆ ಸಾಟಾ, ಅಗಲಕ್ಕೆ ಒಂದೇ ಇದ್ರೆ ಐಡಿಇ. ಐಡಿಇ ಬಗ್ಗೆ ಇಲ್ಲಿ ಬೇರೆಯವರು ನನಗಿಂತ ಚೆನ್ನಾಗಿ ಹೇಳ್ತಾರೆ.

---

ಬಿಟ್ಹಾಕಿ_ಸಾಕು

ಇಷ್ಟೆಲ್ಲಾ ಯಾಕೆ ಸಾರ್, ಹೊಸ ಎಕ್ಸ್‌ಟರ್ನಲ್ ಡಿವಿಡಿ ರೈಟರ್ ಒಂದು ತಗೊಂಡ್ರೆ ಯುಎಸ್‌ಬಿಗೆ ಚುಚ್ಚಿ ಕೆಲಸ ಮುಗೀತು. ಅಡಾಪ್ಟರ್, ಕೇಬಲ್, ಓಡಾಟ ಎಲ್ಲ ಲೆಕ್ಕ ಹಾಕಿದ್ರೆ ಏನೂ ಉಳಿಯಲ್ಲ.

---

ಎಸ್‌ಪಿರೋಡ್_ಸುತ್ತಾಟ

@ಬಿಟ್ಹಾಕಿ_ಸಾಕು ಅವರು ಕೇಳಿದ್ದು ಕನೆಕ್ಟರ್ ಬಗ್ಗೆ, ಶಾಪಿಂಗ್ ಬಗ್ಗೆ ಅಲ್ಲ. ಆಮೇಲೆ ಒಂದು ಟ್ರಂಕ್ ಹಳೇ ಸಿಡಿ ಓದ್ಬೇಕು ಅಂದ್ರೆ ಎರಡು ಮೂರು ಬೇರೆ ಬೇರೆ ಕಂಪನಿ ಡ್ರೈವ್ ಕೈಯಲ್ಲಿರೋದೇ ಒಳ್ಳೇದು. ಗೀರು ಬಿದ್ದ ಡಿಸ್ಕ್ ಒಂದರಲ್ಲಿ ಓದದೇ ಇರೋದು ಇನ್ನೊಂದರಲ್ಲಿ ಓದುತ್ತೆ, ಇದು ಮಾಡಿದೋರಿಗೆಲ್ಲ ಗೊತ್ತು.

---

ಧಾರವಾಡ_ಬೆಸುಗಿ

ಐಡಿಇ ಎರಡರ ಬಗ್ಗೆ ನಾ ಹೇಳ್ತೀನ್ರಿ.

ಮೊದಲ ಆ ಎಲ್632 ಹಿಂದಿನ ಹಸಿರು ಬೋರ್ಡ್. ಅದು ಡ್ರೈವಿನ ಕನೆಕ್ಟರ್ ಅಲ್ಲರಿ, ಲ್ಯಾಪ್‌ಟಾಪ್ ಕಂಪನಿಯವ್ರು ನಡುವ ಹಾಕಿದ್ದು. ಡ್ರೈವ್ ಮಾಡೂ ಕಂಪನಿ ಒಂದ, ಲ್ಯಾಪ್‌ಟಾಪ್ ಕಂಪನಿ ಹತ್ತಾರು, ಪ್ರತಿಯೊಬ್ರೂ ತಮ್ಮ ಬೇ (ಡ್ರೈವ್ ಕೂಡೂ ಗೂಡು) ಒಳಗ ತಮ್ಮದ ಆಕಾರದ ಸಾಕೆಟ್ ಇಟ್ಟಿರ್ತಾರ, ಅದಕ್ಕ ಕೂಡ್ಲಿ ಅಂತ ಈ ಪಟ್ಟಿ. ಡೆಲ್ ಲ್ಯಾಟಿಟ್ಯೂಡ್ ಡಿ ಸೀರೀಸ್, ಐಬಿಎಂ ಥಿಂಕ್‌ಪ್ಯಾಡ್ ಅಲ್ಟ್ರಾಬೇ ಇಂಥಾವ್ರೊಳಗ ಡ್ರೈವ್ ಹೊರಗ ಎಳದು ಬ್ಯಾಟರಿ ಹಾಕೂ ಪದ್ಧತಿ ಇತ್ತಲ್ಲ, ಅಲ್ಲಿ ಇದು ಖಾಯಂ ಇರತೈತಿ. ಆ ಪಟ್ಟಿ ಕನೆಕ್ಟರ್ ಹುಡುಕ್ಕೋತ ಕುಂತ್ರ ಜನ್ಮದಾಗ ಸಿಗೂದಿಲ್ಲ. ಎರಡೂ ಬದಿ ಸಣ್ಣ ಸ್ಕ್ರೂ ಇರ್ತಾವ, ಬಿಚ್ಚಿ, ಪಟ್ಟಿನ ಮ್ಯಾಲ ಕೆಳಗ ಎತ್ತಬ್ಯಾಡ್ರಿ, ನೆಟ್ಟಗ ಹಿಂದಕ್ಕ ಎಳೀರಿ, ಎರಡೂ ತುದಿ ಸಮ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ. ಒಂದ ತುದಿ ಮೊದಲ ಎಳದ್ರ ಒಳಗಿನ ಪ್ಲಾಸ್ಟಿಕ್ ನಾಲಿಗಿ ಮುರೀತೈತಿ, ಆಮ್ಯಾಲ ಡ್ರೈವ್ ಹೋದಂಗ. ಪಟ್ಟಿ ಬಂದ ಮ್ಯಾಲ ಅದರ ಹಿಂದ ಯುಜೆ-850 ಒಳಗ ಇರೂ ಅಂಥಾದ್ದ ಕನೆಕ್ಟರ್ ಕಾಣತೈತಿ.

ಅದರ ಹೆಸರು ಜೆಎಇ 50 ಪಿನ್. ಜೆಎಇ ಅನ್ನೂದು ಜಪಾನಿನ ಕನೆಕ್ಟರ್ ಕಂಪನಿ. ಪಿನ್ ನಡುವ 0.8 ಮಿಲಿಮೀಟರ್, ನಾಲಿಗಿ ಮ್ಯಾಲ 25 ಕೆಳಗ 25. ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕಿನ 44 ಪಿನ್ ಐಡಿಇ ಬ್ಯಾರೆ, ಅದು 2 ಮಿಲಿಮೀಟರ್ ಅಂತರದ ಸೂಜಿ ಪಿನ್. ಡೆಸ್ಕ್‌ಟಾಪಿನ 40 ಪಿನ್ ಮತ್ತ ಬ್ಯಾರೆ, 2.54. ಮೂರೂ ಐಡಿಇನ, ಸಿಗ್ನಲ್ ಒಂದ, ಆಕಾರ ಮೂರು ನಮೂನಿ. ಅಂಗಡಿಯಾವ "ಲ್ಯಾಪ್‌ಟಾಪ್ ಐಡಿಇ" ಅಂತ 44 ಪಿನ್ ಕೊಟ್ರ ತಗೋಬ್ಯಾಡ್ರಿ.

50 ಪಿನ್ ಒಳಗ ಏನೇನ್ ಐತಿ ಅಂದ್ರ, 1, 2, 3 ಅನಲಾಗ್ ಆಡಿಯೊ, ಎಡ, ಬಲ, ಆಡಿಯೊ ಗ್ರೌಂಡ್. 5 ರೀಸೆಟ್, ಅಲ್ಲಿಂದ ಡೇಟಾ ಲೈನ್ ಎಲ್ಲಾ. 38 ರಿಂದ 42 ತನಕ ಐದೂ 5 ವೋಲ್ಟ್. 43 ರಿಂದ 46 ಗ್ರೌಂಡ್, 48 ಗ್ರೌಂಡ್. ನಡುವ ಬಿಟ್ಟ 47 ಐತಲ್ಲ, ಅದ ಎಲ್ಲಾ ಜಗಳದ ಮೂಲ, ಕೇಬಲ್ ಸೆಲೆಕ್ಟ್ ಪಿನ್. ಐಡಿಇ ಒಳಗ ಒಂದ ಕೇಬಲಿಗೆ ಎರಡು ಡ್ರೈವ್ ಹಚ್ಚಬಹುದು, ಮೊದಲನೇದಕ್ಕ ಮಾಸ್ಟರ್, ಎರಡನೇದಕ್ಕ ಸ್ಲೇವ್ ಅಂತಾರ. ಈ ಪಿನ್ ಗ್ರೌಂಡಿಗೆ ಹಚ್ಚಿದ್ರ ಡ್ರೈವ್ ಮಾಸ್ಟರ್, ಹಂಗ ಬಿಟ್ರ ಸ್ಲೇವ್. ಡೆಸ್ಕ್‌ಟಾಪ್ ಡ್ರೈವ್ ಹಿಂದ ಜಂಪರ್ ಇರತಿತ್ತಲ್ಲ, ಇಲ್ಲಿ ಅದರ ಕೆಲಸ ಈ ಒಂದ ಪಿನ್ ಮಾಡತೈತಿ. ಕೆಲವು ಡ್ರೈವ್ ಮಾತ್ರ ಈ ಪಿನ್ ಕಡೆ ತಿರುಗಿನೂ ನೋಡೂದಿಲ್ಲ, ಫರ್ಮ್‌ವೇರ್ (ಡ್ರೈವಿನ ಒಳಗಿನ ಸಾಫ್ಟ್‌ವೇರ್) ಒಳಗ ಮಾಸ್ಟರ್ ಅಥವಾ ಸ್ಲೇವ್ ಅಂತ ಗಟ್ಟಿ ಮಾಡಿ ಇಟ್ಟಿರ್ತಾರ.

ನಿಮ್ಮ ಬೋರ್ಡಿನಾಗ ಐಡಿಇ ಇಲ್ಲ ಅಂದ್ರಿ, ಹಂಗಾದ್ರ ದಾರಿ ಎರಡು. ಸ್ಲಿಮ್ ಐಡಿಇ ಡ್ರೈವಿಗಂತ ಯುಎಸ್‌ಬಿ ಕೇಸ್ ಬರತಿದ್ವು, ಒಳಗ ಜೆಎಇ ಸಾಕೆಟ್ ಇರತೈತಿ, ಈಗ ಸಿಗೂದು ಕಡಿಮಿ. ಕೇಸ್ ತಗೊಳ್ಳೂ ಮುಂಚೆ ಒಳಗ ನೋಡ್ರಿ, ಹೊರಗಿಂದ ಐಡಿಇ ಕೇಸ್ ಸಾಟಾ ಕೇಸ್ ಎರಡೂ ಒಂದ ಥರ ಇರ್ತಾವ. ಇಲ್ಲಂದ್ರ ಜೆಎಇ 50 ರಿಂದ 40 ಪಿನ್‌ಗೆ ಮಾಡೂ ಚಿಕ್ಕ ಬೋರ್ಡ್ ಒಂದು, ಅದರ ಹಿಂದ ಸಾಟಾ, ಐಡಿಇ ಎರಡೂ ಇರೂ ಯುಎಸ್‌ಬಿ ಕನ್ವರ್ಟರ್ ಒಂದು, ಜೆಎಂ20337 ಚಿಪ್ ಇರೂವಂಥಾವು ಹಳೇ ಸಾಮಾನಿನಾಗ ಭಾಳ ಸಿಗ್ತಾವ. ಆ ಚಿಕ್ಕ ಬೋರ್ಡಿಗೆ ಫ್ಲಾಪಿ ಡ್ರೈವಿನ ಸಣ್ಣ ನಾಕ್ ಪಿನ್ ಪವರ್ ಬೇಕಾಗತೈತಿ, ಕನ್ವರ್ಟರ್ ಜೋಡಿ ಬರೂದು ದೊಡ್ಡ ಮೋಲೆಕ್ಸ್, ನಡುವ ಒಂದು ವಯರ್ ಬೇಕು, ಅದನ್ನ ಮರೀಬ್ಯಾಡ್ರಿ. 50 ಪಿನ್ ಬದಿ ಉಲ್ಟಾ ಹೋಗೂದಿಲ್ಲ, 40 ಪಿನ್ ಬದಿ ಹೋಗತೈತಿ. ಪಟ್ಟಿ ಕೇಬಲಿನ ಕೆಂಪು ಗೆರಿ 1ನೇ ಪಿನ್ ಕಡೆ. 20ನೇ ಪಿನ್ ಇರಬೇಕಾದಲ್ಲಿ ಖಾಲಿ ಇರತೈತಿ, ಅದರಿಂದನೂ ಗುರ್ತ ಹಿಡೀಬಹುದು.

ಒಂದು ಮಾತು, ಆಡಿಯೊ ಪಿನ್ ಐದಾವ ಅಂದ್ನಲ್ಲ, ಸಾಟಾ ಬಂದ ಮ್ಯಾಲ ಅವು ಹೋದವು. ಸಿಡಿ ಪ್ಲೇಯರ್ ಕಟ್ಟೂ ಹುಚ್ಚು ಯಾರಿಗರ ಇದ್ರ ಐಡಿಇ ಡ್ರೈವ್ ಗುಜರಿಗೆ ಹಾಕಬ್ಯಾಡ್ರಿ, ಒಂದು ಮೈಕ್ರೋಕಂಟ್ರೋಲರ್ ಹಚ್ಚಿ ಅಟಾಪಿ (ಸಿಡಿ ಡ್ರೈವಿಗೆ ತಿಳಿಯೂ ಭಾಷಾ) ಕಮಾಂಡ್ ಕಳಿಸಿ ಪ್ಲೇ ಅಂದ್ರ ಅನಲಾಗ್ ಔಟ್ ಇರೂ ಡ್ರೈವ್ ಆ ಪಿನ್ ಒಳಗ ನೇರ ಹಾಡು ಕೊಡತೈತಿ.

---

ಮಲ್ಟಿಮೀಟರ್_ಮೇಡಂ

ಪವರ್ ವಿಷಯ ಇನ್ನೂ ಸ್ವಲ್ಪ ಬಾಕಿ ಇದೆ ಅನ್ಸುತ್ತೆ, ಅದನ್ನ ಸೇರಿಸ್ತೀನಿ.

ಯಾವ ಅಡಾಪ್ಟರ್ ತಂದ್ರೂ ಡ್ರೈವ್ ಚುಚ್ಚೋ ಮೊದ್ಲು ಮೀಟರ್ ಹಿಡೀರಿ. ಡ್ರೈವ್ ಒಂದನ್ನೇ ಟೇಬಲ್ ಮೇಲಿಟ್ಟು ಬೀಪ್ ಮೋಡ್‌ನಲ್ಲಿ ಒಂದು ಪ್ರೋಬ್ ತಗಡಿನ ಕವರ್ ಮೇಲೆ, ಇನ್ನೊಂದು ಪಿನ್ ಮೇಲೆ. ಸ್ಲಿಮ್‌ಲೈನ್‌ನಲ್ಲಿ ಪವರ್ ಭಾಗದ ಕೊನೇ ಎರಡು ಬೀಪ್ ಆಗ್ಬೇಕು, ಅದು ಗ್ರೌಂಡ್. ಎರಡು ಮತ್ತೆ ಮೂರು ಒಂದಕ್ಕೊಂದು ಬೀಪ್ ಆಗ್ಬೇಕು, ಆದ್ರೆ ಕವರ್‌ಗೆ ಆಗ್ಬಾರ್ದು. ಕವರ್‌ಗೂ ಬೀಪ್ ಆದ್ರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ, ಆ ಡ್ರೈವ್‌ನ ಕಂಪ್ಯೂಟರ್ ಹತ್ರ ತರ್ಬೇಡಿ. ಆಮೇಲೆ ಅಡಾಪ್ಟರ್ ಒಂದನ್ನೇ ಎಸ್‌ಎಂಪಿಎಸ್‌ಗೆ ಹಾಕಿ ಡ್ರೈವ್ ಇಲ್ದೆ ಆನ್ ಮಾಡಿ, ಅದೇ ಎರಡು ಮೂರನೇ ಜಾಗದಲ್ಲಿ 5 ವೋಲ್ಟ್ ಬರ್ತಿದ್ಯಾ ನೋಡಿ. ಎರಡು ನಿಮಿಷದ ಕೆಲಸ. ಕಮ್ಮಿ ದುಡ್ಡಿನ ಅಡಾಪ್ಟರ್‌ಗಳಲ್ಲಿ ಸಾಕೆಟ್ ಒಳಗಿನ ಸೋಲ್ಡರ್ ಹೇಗಿದೆ ಅಂತ ಬಿಚ್ಚಿ ನೋಡಿದ್ರೆ ನಂಬಿಕೆ ಹೋಗುತ್ತೆ.

ಯುಎಸ್‌ಬಿಯಿಂದ ಪವರ್ ತಗೊಳ್ಳೋರಿಗೆ: ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, 3.0 ಆದ್ರೆ 900. ಡ್ರೈವ್ ಮೇಲೆ ಒಂದೂವರೆ ಆಂಪ್ ಅಂತ ಬರ್ದಿರುತ್ತೆ. ಅಷ್ಟೂ ಯಾವಾಗ್ಲೂ ಎಳಿಯಲ್ಲ, ಡಿಸ್ಕ್ ತಿರುಗೋಕೆ ಶುರುವಾದಾಗ ಮತ್ತೆ ಬರೆಯುವಾಗ ಎಳಿಯುತ್ತೆ. ಎರಡು ತಲೆ ಯುಎಸ್‌ಬಿ ಕೇಬಲ್ ಬರೋದು ಇದಕ್ಕೇ. ಪವರ್ ಸಾಲದೇ ಇದ್ರೆ ಹೇಗಿರುತ್ತೆ ಅಂದ್ರೆ ಡ್ರೈವ್ ಕಾಣಿಸುತ್ತೆ, ಟ್ರೇ ಚೆನ್ನಾಗಿ ಬರುತ್ತೆ ಹೋಗುತ್ತೆ, ಡಿಸ್ಕ್ ಹಾಕಿದ ತಕ್ಷಣ ಟಕ್ ಟಕ್ ಅಂತ ಸದ್ದಾಗಿ ಡ್ರೈವ್ ಮಾಯ, ಮತ್ತೆ ಬರುತ್ತೆ, ಮತ್ತೆ ಮಾಯ. ಜನ ಲೆನ್ಸ್ ಹಾಳಾಗಿದೆ ಅಂತ ಎಸೀತಾರೆ. ಡಿಸ್ಕ್ ತಿರುಗೋ ಹೊತ್ತಲ್ಲಿ ಅಡಾಪ್ಟರ್ ಮೇಲೆ ವೋಲ್ಟೇಜ್ ನೋಡಿ, 4.75ಕ್ಕಿಂತ ಕೆಳಗೆ ಬಿದ್ರೆ ತಪ್ಪು ಡ್ರೈವ್‌ದಲ್ಲ, ಕೇಬಲ್‌ದು ಅಥವಾ ಪೋರ್ಟ್‌ದು. ಕ್ಯಾಬಿನೆಟ್ ಮುಂದಿನ ಪೋರ್ಟ್ ಬೇಡ, ಹಿಂದಿನದ್ದಕ್ಕೆ ಹಾಕಿ, ಉದ್ದದ ಎಕ್ಸ್‌ಟೆನ್ಷನ್ ಬೇಡ.

ನಿಮ್ಮ ಹತ್ರ ಇರೋ ಹಾರ್ಡ್‌ಡಿಸ್ಕ್ ಯುಎಸ್‌ಬಿ ಕೇಬಲ್‌ಗೆ 13 ರಿಂದ 22 ಪಿನ್ ಮಾಡೋ ಚಿಕ್ಕ ತುಂಡು ಹಾಕಿ ಡ್ರೈವ್ ಕೂರಿಸ್ಬಹುದು, ಪಿನ್ ಲೆಕ್ಕದಲ್ಲಿ ಸರಿ. ಆದ್ರೆ ಎಲ್ಲಾ ಕೇಬಲ್‌ನಲ್ಲೂ ಓಡಲ್ಲ. ಸಿಡಿ ಡ್ರೈವ್ ಮಾತಾಡೋ ಭಾಷೆ ಅಟಾಪಿ, ಕೆಲವು ಕೇಬಲ್‌ನ ಚಿಪ್‌ಗೆ ಹಾರ್ಡ್‌ಡಿಸ್ಕ್ ಮಾತ್ರ ಅರ್ಥ ಆಗೋದು, ಡ್ರೈವ್ ಲೈಟ್ ಹತ್ತುತ್ತೆ, ಕಂಪ್ಯೂಟರ್‌ನಲ್ಲಿ ಏನೂ ಬರಲ್ಲ. ನಿಮ್ಮ ಕೇಬಲ್ ಯಾವ ಜಾತಿ ಅಂತ ಹಾಕಿ ನೋಡಿದ್ರೇ ಗೊತ್ತಾಗೋದು. ಡೆಸ್ಕ್‌ಟಾಪ್ ಇರೋವಾಗ ಮದರ್‌ಬೋರ್ಡ್‌ಗೆ ನೇರ ಹಾಕೋದು ವಾಸಿ.

ಕೊನೇ ಡ್ರೈವ್ ಬಗ್ಗೆ ಒಂದು ಅನುಮಾನ. ಮುಂದೆ ಬಟನ್ ಪಕ್ಕ ಸೂಜಿ ತೂತು ಇದ್ಯಾ ನೋಡಿ, ಪೇಪರ್ ಕ್ಲಿಪ್ ಹಾಕಿ ಟ್ರೇ ತೆಗೆಯೋ ತೂತು. ಅಂದಹಾಗೆ ಪವರ್ ಇಲ್ದೆ ಬಟನ್ ಒತ್ತಿದ್ರೆ ಯಾವ ಸ್ಲಿಮ್ ಡ್ರೈವ್ ಟ್ರೇನೂ ಬರಲ್ಲ, ಅದಕ್ಕೆ ಸತ್ತಿದೆ ಅಂತ ತೀರ್ಮಾನ ಮಾಡ್ಬೇಡಿ. ಆದ್ರೆ ಆ ತೂತೇ ಇಲ್ಲ ಅಂದ್ರೆ ಅದು ಡ್ರೈವೇ ಅಲ್ಲ, ಡಿವಿಡಿ ಜಾಗದಲ್ಲಿ ಎರಡನೇ ಹಾರ್ಡ್‌ಡಿಸ್ಕ್ ಕೂರಿಸೋ ಕ್ಯಾಡಿ.

---

ಹಾಸನ_ಹಾಟ್‌ಏರ್

ಸೋಲ್ಡರ್ ಮಾಡೇ ತೀರ್ತೀನಿ ಅನ್ನೋರಿಗೆ ಒಂದು ಐಡಿಯಾ. ಡ್ರೈವ್ ಪಿನ್ ಮೇಲೆ ಬೆಸುಗೆ ಹಾಕ್ಬೇಡಿ, 1 ಮಿಲಿಮೀಟರ್ ಅಂತರದಲ್ಲಿ ಪ್ಲಾಸ್ಟಿಕ್ ಕರಗಿ ಎಲ್ಲಾ ಒಂದಾಗುತ್ತೆ. ಗುಜರಿ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಹಿಂದೆ ಕೂರೋ ಸಾಕೆಟ್ ಎಷ್ಟೋ ಮಾಡೆಲ್‌ಗಳಲ್ಲಿ ಮದರ್‌ಬೋರ್ಡ್ ಮೇಲೆ ಇರಲ್ಲ, ಬೇರೆ ಚಿಕ್ಕ ಬೋರ್ಡ್ ಮೇಲಿರುತ್ತೆ. ಮುಂದಿನ ಸಲ ಡ್ರೈವ್ ಜೊತೆ ಅದನ್ನೂ ಬಿಚ್ಚಿ ತಗೊಂಡು ಬನ್ನಿ, ಬೆಸುಗೆ ಅದರ ಮೇಲೆ ಹಾಕಿ, ಕೆಟ್ರೆ ಅದು ಕೆಡುತ್ತೆ, ಡ್ರೈವ್ ಉಳಿಯುತ್ತೆ. ಒಂದು ಸಾಟಾ ಡೇಟಾ ಕೇಬಲ್ ಒಂದು ತುದಿ ಕತ್ತರಿಸಿ, 1, 4, 7 ಗ್ರೌಂಡ್, 2-3 ಒಂದು ಜೋಡಿ, 5-6 ಇನ್ನೊಂದು ಜೋಡಿ. ಸೀರಿಯಲ್ ಕೇಬಲ್ ಥರ ಇಲ್ಲಿ ಕ್ರಾಸ್ ಮಾಡೋ ಹಾಗಿಲ್ಲ, 2ಕ್ಕೆ 2, 3ಕ್ಕೆ 3 ನೇರಾನೇರ. ಜೋಡಿ ವಯರ್ ಬಿಡಿಸೋದು ಆದಷ್ಟು ಗಿಡ್ಡ ಇರ್ಲಿ. ಈ ಡ್ರೈವ್‌ಗಳು 1.5 ಗಿಗಾಬಿಟ್ ಸ್ಪೀಡ್‌ದವು, ಎಸ್‌ಎಸ್‌ಡಿ ಥರ ನಾಜೂಕಲ್ಲ, ಸ್ವಲ್ಪ ಒರಟು ಕೆಲಸಾನೂ ಸಹಿಸ್ಕೊಳ್ತವೆ.

@ಮಲ್ಟಿಮೀಟರ್_ಮೇಡಂ ಹೇಳಿದ ಕ್ಯಾಡಿ ಬಗ್ಗೆ ಒಂದು ಮಾತು. ಕ್ಯಾಡಿ ಒಳಗೂ 13 ಪಿನ್ ಮತ್ತೆ 22 ಪಿನ್ ಎರಡೂ ಇರೋದ್ರಿಂದ ಅದನ್ನೇ ಉಲ್ಟಾ ಮಾಡಿ ಅಡಾಪ್ಟರ್ ಥರ ಬಳಸ್ಬಹುದಾ ಅಂತ ಯಾರಾದ್ರೂ ಕೇಳ್ತಾರೆ, ಆಗಲ್ಲ. ಕ್ಯಾಡಿ ಹಿಂದಿರೋದು ಡ್ರೈವ್ ಹಿಂದಿರೋ ಅದೇ ಗಂಡು ಕನೆಕ್ಟರ್, ಎರಡು ಗಂಡು ಎದುರಾಬದುರಾ ಕೂರಲ್ಲ.

---

ಪುತ್ತೂರ್_ಪವರ್‌ಕಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ಮಾರಾಯ್ರೆ, ಇಷ್ಟು ಉತ್ತರ ಬರ್ತದೆ ಅಂತ ಗ್ರಹಿಸಿರ್ಲಿಲ್ಲ. ಏನಾಯ್ತು ಅಂತ ಹೇಳ್ತೇನೆ.

7+6 ಕೇಬಲ್ ಮಂಗಳೂರಲ್ಲಿ ಸಿಕ್ಕಿತು. ಅಂಗಡಿಯಲ್ಲೇ ಪಿನ್ ಎಣಿಸಿದೆ, ಮೊದಲು ಕೊಟ್ಟದ್ದು ನಿಜವಾಗಿಯೂ 7+9 ಇತ್ತು, ವಾಪಸ್ ಕೊಟ್ಟು ಬೇರೆ ತೆಗೆಸಿದೆ. ಮೇಡಂ ಹೇಳಿದ ಹಾಗೆ ಮೀಟರ್ ಹಿಡಿದು ನೋಡಿ ಡೆಸ್ಕ್‌ಟಾಪಿಗೆ ಹಾಕಿದ್ರೆ ಜಿಟಿ30ಎನ್, ಜಿಯು70ಎನ್ ಎರಡೂ ಒಂದೇ ಸಲಕ್ಕೆ ಬಂತು. ನನ್ನ ಯುಎಸ್‌ಬಿ ಕೇಬಲ್ ವಿಷಯ ಇನ್ನು ಬೇಡ, ಡೆಸ್ಕ್‌ಟಾಪೇ ಸಾಕು.

ಲೇಬಲ್ ಇಲ್ಲದ್ದು ಕ್ಯಾಡಿಯೇ! ಮುಂದೆ ತೂತಿಲ್ಲ, ಬಟನ್ ಅಂತ ಕಾಣುವುದು ಬರೀ ಪ್ಲಾಸ್ಟಿಕ್ ಗೆರೆ. ಬದಿಯಿಂದ ಜಾರಿಸಿದ್ರೆ ಒಳಗೆ ಒಂದು 500 ಜಿಬಿ ಹಾರ್ಡ್‌ಡಿಸ್ಕ್ ಕೂತಿದೆ. ಅದನ್ನು ಏನು ಮಾಡುವುದು ಅಂತ ಗೊತ್ತಾಗ್ತಿಲ್ಲ.

ಎಲ್632 ಪಟ್ಟಿ ಬಿಚ್ಚಿದೆ, ಧಾರವಾಡದವರು ಹೇಳಿದ ಹಾಗೇ ಉಂಟು, ಹಿಂದೆ ಯುಜೆ-850ರ ಅದೇ ಕನೆಕ್ಟರ್. ಪರಿಚಯದ ರಿಪೇರಿಯವರ ಹತ್ರ ಜೆಎಇ-40 ಬೋರ್ಡ್ ಮತ್ತೆ ಹಳೇ ಯುಎಸ್‌ಬಿ ಕನ್ವರ್ಟರ್ ಇತ್ತು, ಕೇಳಿ ತಂದೆ. ಟ್ರೇ ಬರ್ತದೆ ಹೋಗ್ತದೆ, ಡಿಸ್ಕ್ ತಿರುಗ್ತದೆ, ವಿಂಡೋಸಲ್ಲಿ ಮಾತ್ರ ಏನೂ ತೋರಿಸುವುದಿಲ್ಲ. ಅದೇ ಕನ್ವರ್ಟರಿಗೆ ಸಾಟಾ ಹಾರ್ಡ್‌ಡಿಸ್ಕ್ ಹಾಕಿದ್ರೆ ಬರ್ತದೆ.

---

ಧಾರವಾಡ_ಬೆಸುಗಿ

ಟ್ರೇ ಬರತೈತಿ, ಡಿಸ್ಕ್ ತಿರುಗತೈತಿ ಅಂದ್ರ ಪವರ್ ಸರಿ ಐತಿ. ಇದು ಆ 47ನೇ ಪಿನ್ ಆಟರಿ. ಭಾಳ ಯುಎಸ್‌ಬಿ ಕನ್ವರ್ಟರ್ ಮಾಸ್ಟರ್ ಒಂದನ್ನ ಹುಡುಕತಾವ, ನಿಮ್ಮ ಡ್ರೈವ್ ಸ್ಲೇವ್ ಆಗಿ ಕುಂತಿರ್ಬೇಕು. ಚಿಕ್ಕ ಬೋರ್ಡ್ ಮ್ಯಾಲ ಮೂರು ಸೂಜಿ ಪಿನ್ ಅಥವಾ ಬೆಸುಗಿ ಹಾಕೂ ಸಣ್ಣ ಪ್ಯಾಡ್ ಇದ್ದಾವೇನ್ ನೋಡ್ರಿ, ಎಂ, ಎಸ್, ಸಿಎಸ್ ಅಂತ ಬರದಿರತೈತಿ. ಎಂ ಕಡೆ ಜಂಪರ್ ಹಾಕ್ರಿ. ಏನೂ ಇಲ್ಲಂದ್ರ ಬೋರ್ಡಿನ ಕಡೆ 47ನ್ನ ಪಕ್ಕದ 45ಕ್ಕ ಒಂದ ಎಳಿ ವಯರ್‌ಲೆ ಕೂಡಿಸ್ರಿ, 45 ಗ್ರೌಂಡ್, ಅವೆರಡೂ ಒಂದ ಸಾಲಿನಾಗ ಬಾಜು ಬಾಜು ಬರ್ತಾವ. ಬೆಸುಗಿ ಹಾಕಿದ ಮ್ಯಾಲ 47ಕ್ಕೂ 49ಕ್ಕೂ ತಾಗಿಲ್ಲ ಅನ್ನೂದು ಮೀಟರ್ ಹಚ್ಚಿ ಖಾತ್ರಿ ಮಾಡ್ಕೋರಿ. ಎಲ್ಲಾ ಪವರ್ ತಗದು ಮತ್ತ ಹಾಕ್ರಿ, ಡ್ರೈವ್ ತಾನು ಮಾಸ್ಟರೋ ಸ್ಲೇವೋ ಅಂತ ನೋಡೂದು ಪವರ್ ಬಂದಾಗ.

---

ಮಲ್ಟಿಮೀಟರ್_ಮೇಡಂ

ಆ ಹಾರ್ಡ್‌ಡಿಸ್ಕ್ ಆಫೀಸ್‌ಗೆ ವಾಪಸ್ ಕೊಡಿ, ತೆರೆದು ನೋಡೋಕೂ ಹೋಗ್ಬೇಡಿ. ಡಿವಿಡಿ ಡ್ರೈವ್ ತಗೋ ಅಂದಿದ್ದು ಅವರು, ಡಿಸ್ಕ್ ಅಲ್ಲ, ಅದರಲ್ಲಿ ಯಾರ ಸಂಬಳದ ಪಟ್ಟಿ ಇದ್ಯೋ ಏನೋ. ಐಟಿಯವರಿಗೆ ಹೇಳಿದ್ರೆ ಉಳಿದ ಲ್ಯಾಪ್‌ಟಾಪ್‌ಗಳಲ್ಲೂ ಹೀಗೆ ಇದ್ಯಾ ಅಂತ ಗುಜರಿಗೆ ಹೋಗೋ ಮೊದ್ಲು ನೋಡ್ತಾರೆ.

ಟ್ರಂಕ್‌ನಲ್ಲಿ ಮನೇಲಿ ಬರೆದ ಡಿಸ್ಕ್, ಅಂಗಡೀಲಿ ಅಚ್ಚಾಗಿ ಬಂದ ಡಿಸ್ಕ್ ಬೇರೆ ಮಾಡಿಕೊಳ್ಳಿ. ಬರೆದಿದ್ದು ಬಣ್ಣದ ಪದರದ ಮೇಲೆ, ಅದು ಬೇಗ ಕೆಡುತ್ತೆ, ಅಚ್ಚಾಗಿದ್ದು ನಿಧಾನ. ಮದುವೆ ಡಿವಿಡಿ ಮತ್ತೆ ಅಪ್ಪ ಕಾಪಿ ಮಾಡಿಸಿದ್ದು ಮೊದ್ಲು ಮಾಡಿ. ಆಡಿಯೊ ಸಿಡಿಗೆ ಫೈಲ್ ಕಾಪಿ ಮಾಡೋ ಹಾಗೆ ಮಾಡಿದ್ರೆ ಆಗಲ್ಲ, ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ತಪ್ಪು ಓದಿದ ಕಡೆ ಮತ್ತೆ ಮತ್ತೆ ಓದಿ ಕೊನೇಲಿ ಯಾವ ಟ್ರ್ಯಾಕ್‌ನಲ್ಲಿ ಅನುಮಾನ ಇದೆ ಅಂತ ಹೇಳುತ್ತೆ. ಅನುಮಾನ ಬಂದದ್ದನ್ನ ಇನ್ನೊಂದು ಡ್ರೈವ್‌ಗೆ ಹಾಕಿ ನೋಡಿ. ಸಿನಿಮಾ ಡಿವಿಡಿ ಇದ್ರೆ ರೀಜನ್ (ಡಿಸ್ಕ್ ಯಾವ ದೇಶಗಳ ಗುಂಪಿಗೆ ಅನ್ನೋ ನಂಬರ್) ಕೇಳ್ಬಹುದು, ಇಂಡಿಯಾ 5, ಸಾಮಾನ್ಯವಾಗಿ ಡ್ರೈವ್‌ನಲ್ಲಿ ಐದು ಸಲ ಮಾತ್ರ ಬದಲಾಯಿಸೋಕೆ ಬಿಡೋದು, ಸುಮ್ಮನೆ ಒತ್ತುತ್ತಾ ಹೋಗ್ಬೇಡಿ.

---

ಪುತ್ತೂರ್_ಪವರ್‌ಕಟ್

47ನೇ ಪಿನ್ನೇ! ಬೋರ್ಡಿನ ಹಿಂದೆ ಮೂರು ಪ್ಯಾಡ್ ಇತ್ತು, ಅಕ್ಷರ ಅಳಿಸಿ ಹೋಗಿತ್ತು, ಮೀಟರ್ ಹಿಡಿದು ಯಾವುದು 47, ಯಾವುದು ಗ್ರೌಂಡ್ ಅಂತ ಹುಡುಕಿ ಅವೆರಡಕ್ಕೆ ಒಂದು ಹನಿ ಸೋಲ್ಡರ್ ಹಾಕಿದೆ. ಎಲ್632 ಬಂತು. ಅದೇ ಬೋರ್ಡಿಗೆ ಯುಜೆ-850 ಹಾಕಿದ್ರೆ ಮಾತ್ರ ಈಗಲೂ ಕಾಣುವುದಿಲ್ಲ, ಸೋಲ್ಡರ್ ತೆಗೆದು ನೋಡಿದ್ರೂ ಇಲ್ಲ. ಫರ್ಮ್‌ವೇರಲ್ಲೇ ಸ್ಲೇವ್ ಮಾಡಿ ಇಟ್ಟ ಜಾತಿಯದ್ದು ಇರಬೇಕು, ಅದರ ಹಿಂದೆ ಬೀಳುವಷ್ಟು ಪುರುಸೊತ್ತು ನನಗಿಲ್ಲ. ಟ್ರೇ, ಮೋಟರ್ ಎಲ್ಲ ಸರಿ ಉಂಟು. ಸಿಡಿ ಪ್ಲೇಯರ್ ಕಟ್ಟುವ ಹುಚ್ಚಿನವರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಪುತ್ತೂರಿಗೆ ಬಂದು ತಗೊಂಡು ಹೋದ್ರೆ ಫ್ರೀ, ಕೊರಿಯರ್ ಆದ್ರೆ ಕೊರಿಯರ್ ದುಡ್ಡು ಮಾತ್ರ.

---

ಹಾಸನ_ಹಾಟ್‌ಏರ್

ಯುಜೆ-850 ನನಗೆ. ಮೆಸೇಜ್ ಹಾಕಿದೀನಿ ನೋಡಿ. ಆ ಹಸಿರು ಪಟ್ಟಿ ಎಸೆದಿಲ್ಲ ಅಂದ್ರೆ ಅದನ್ನೂ ಜೊತೆಗೆ ಹಾಕಿ, ಅದರ ಒಳಬದಿಯಲ್ಲಿ ಜೆಎಇ ಸಾಕೆಟ್ ಇರುತ್ತೆ, ಬಿಡಿಯಾಗಿ ಅದು ಸಿಗೋದು ಕಷ್ಟ, ಹಾಟ್ ಏರ್‌ನಲ್ಲಿ ಎತ್ಕೊಳ್ತೀನಿ.